ಮಂಚೇನಹಳ್ಳಿಯ ಆಕಾಶದಲ್ಲಿ ಒಂದು ಹದ್ದು

ಮಂಚೇನಹಳ್ಳಿಯನ್ನು ನಗರ ಎಂದು ಕರೆದ ಮೊದಲ ಮನುಷ್ಯ ನಾನೇ ಇರಬೇಕು. ಕರೆದದ್ದು ಬಾಯಿಮಾತಿಗಲ್ಲ, ಲಿಖಿತವಾಗಿ, ಆಫೀಸಿಗೆ ಕೊಟ್ಟ ರಜೆ ಅರ್ಜಿಯಲ್ಲಿ. ಕಾರಣದ ಜಾಗದಲ್ಲಿ ‘ನಗರ ಛಾಯಾಗ್ರಹಣ’ ಎಂದೂ ಸ್ಥಳದ ಜಾಗದಲ್ಲಿ ‘ಮಂಚೇನಹಳ್ಳಿ’ ಎಂದೂ ತುಂಬಿದ್ದೆ. ನಮ್ಮ ಮೇಲಧಿಕಾರಿ ಚಿಂತಾಮಣಿ ಕಡೆಯವರು. ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, “ನಗರವೇ ಬೇಕು ಅಂತಿದ್ರೆ ದಾರೀಲಿ ಚಿಕ್ಕಬಳ್ಳಾಪುರ ಸಿಗ್ತದಲ್ಲಪ್ಪ, ಅಲ್ಲೇ ಇಳ್ಕೊಬೋದಿತ್ತು” ಅಂದರು. ರಜೆಯನ್ನೇನೋ ಕೊಟ್ಟರು. ಕಾರಣವನ್ನು ಮಾತ್ರ ತಮ್ಮ ಕೈಯಾರೆ ಹೊಡೆದುಹಾಕಿ ‘ಸ್ವಂತ ಕೆಲಸ’ ಎಂದು ತಿದ್ದಿದರು.

ನನ್ನ ವಾದ ತೀರಾ ಪೊಳ್ಳೇನೂ ಅಲ್ಲ. ಗೌರಿಬಿದನೂರು ತಾಲ್ಲೂಕಿನಲ್ಲಿ ಹೋಬಳಿಯಾಗಿದ್ದ ಮಂಚೇನಹಳ್ಳಿ ಈಗ ತಾನೇ ಒಂದು ತಾಲ್ಲೂಕು. ಹೆಸರಿನ ಕೊನೆಯಲ್ಲಿ ಹಳ್ಳಿ ಇದ್ದರೇನಂತೆ? ಮಾರತ್ತಹಳ್ಳಿಯಲ್ಲಿ ಹಳ್ಳಿ ಎಲ್ಲಿದೆ? ಬೊಮ್ಮನಹಳ್ಳಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡವನು ಹಳ್ಳಿಯ ಗಾಳಿ ಕುಡಿಯುತ್ತಿದ್ದೇನೆಂದು ನಂಬುತ್ತಾನೆಯೇ? ಅವೆಲ್ಲ ನಗರವಾದರೆ ನಮ್ಮ ಮಾವನವರ ಊರು ಏನು ಪಾಪ ಮಾಡಿದೆ? ಮಂಡ್ಯದ ಕಡೆಯವನಾದ ನನಗೆ ಹೆಂಡತಿಯ ಊರಿನ ಮೇಲೆ ಇಷ್ಟು ಅಭಿಮಾನ ಉಕ್ಕಿದ್ದು ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅದೇ ಮೊದಲು. ನಮ್ಮಾಕೆಗೆ ಆಗಲೇ ಅನುಮಾನ ಬಂತು.

ಇದಕ್ಕೆಲ್ಲ ಮೂಲ ಒಂದು ಲೆನ್ಸ್. ಹತ್ತು ಮಿಲಿಮೀಟರಿನ ವೈಡ್ ಆಂಗಲ್, ಸೆಕೆಂಡ್ ಹ್ಯಾಂಡು. ಮಾರಿದ ಹುಡುಗ ಅದನ್ನು ನನ್ನ ಕೈಗಿಡುತ್ತಾ “ಇದ್ರಲ್ಲಿ ತೆಗೆದ್ರೆ ಪ್ರಪಂಚಾನೇ ಬರುತ್ತೆ ಸಾರ್” ಅಂದಿದ್ದ. ಹೊಗಳಿಕೆ ಎಂದುಕೊಂಡು ಚೌಕಾಸಿ ಬಿಟ್ಟು ದುಡ್ಡು ಎಣಿಸಿದೆ. ಅದು ಎಚ್ಚರಿಕೆಯ ಮಾತು ಎಂದು ತಿಳಿಯಲು ಮಂಚೇನಹಳ್ಳಿವರೆಗೂ ಹೋಗಬೇಕಾಯಿತು.

ಲೆನ್ಸಿನ ಮಹಿಮೆ ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನ ಅನಾಹುತಗಳು ಅರ್ಥವಾಗಬೇಕಲ್ಲ. ನನ್ನ ಕ್ಯಾಮೆರಾದ ಮೇಲೆ ಅದು ಮೂಲೆಯಿಂದ ಮೂಲೆಗೆ ಸುಮಾರು 107 ಡಿಗ್ರಿ ನೋಡುತ್ತದೆ. ಹಳೆಯ ಫಿಲಂ ಕ್ಯಾಮೆರಾಗಳ ಜೊತೆಗೆ ಬರುತ್ತಿದ್ದ 50 ಮಿ.ಮೀ. ಲೆನ್ಸ್ ನೋಡುತ್ತಿದ್ದದ್ದು 47 ಡಿಗ್ರಿ. ಎಫ್ 8ಕ್ಕೆ ಇಟ್ಟು ಎರಡಡಿ ದೂರಕ್ಕೆ ಫೋಕಸ್ ಮಾಡಿದರೆ ಮುಗಿಯಿತು, ಮೂಗಿನ ಮುಂದಿನ ಒಂದಡಿಯಿಂದ ಹಿಡಿದು ನಂದಿಬೆಟ್ಟದ ಆಚೆಯ ಅನಂತದವರೆಗೆ ಎಲ್ಲವೂ ನಿಚ್ಚಳ. ಯಾವುದನ್ನೂ ಮಸುಕು ಮಾಡಿ ಮರ್ಯಾದೆ ಕಾಪಾಡುವ ಗುಣ ಅದಕ್ಕಿಲ್ಲ. ಹತ್ತಿರದ್ದನ್ನು ಬೆಟ್ಟ ಮಾಡುತ್ತದೆ, ದೂರದ ಬೆಟ್ಟವನ್ನು ಕಡಲೆಬೀಜ ಮಾಡುತ್ತದೆ. (ನಿಜ ಹೇಳಬೇಕೆಂದರೆ ಇದು ಲೆನ್ಸಿನ ಕೆಲಸವಲ್ಲ, ನಾವು ನಿಂತ ದೂರದ ಕೆಲಸ. ವೈಡ್ ಲೆನ್ಸ್ ಹಾಕಿದವನು ಚೌಕಟ್ಟು ತುಂಬಿಸಲು ವಸ್ತುವಿನ ಮೇಲೇ ಹೋಗಿ ಬೀಳುತ್ತಾನೆ, ಅಷ್ಟೆ. ಈ ಸತ್ಯವನ್ನು ಊರಿನಲ್ಲಿ ಮೂರು ಜನಕ್ಕೆ ವಿವರಿಸಿದೆ. ಮೂವರೂ ಕಾಫಿ ಕುಡಿದು ಎದ್ದುಹೋದರು.)

ಮೊದಲು ಬೆಂಗಳೂರಿನಲ್ಲೇ ಪ್ರಯತ್ನಿಸಿದ್ದೆ. ಮೋಡ ಕವಿದ ಮಹಾನಗರ, ಕೆಳಗೆ ಕಟ್ಟಡಗಳ ಸಮುದ್ರ, ಇಂಥದೊಂದು ಚಿತ್ರ ತಲೆಯಲ್ಲಿ ಕುಳಿತಿತ್ತು. ಗೆಳೆಯನ ಅಪಾರ್ಟ್‌ಮೆಂಟಿನ ಟೆರೇಸಿನಿಂದ ತೆಗೆದ ಅರವತ್ತು ಚಿತ್ರಗಳಲ್ಲಿ ಕಂಡದ್ದು ಯಾರದೋ ಮನೆಯ ಮೂರು ಬೆಡ್‌ಶೀಟು ಮತ್ತು ಒಂದು ಮೆಟ್ರೋ ಕಂಬ. ಮೋಡ ಬರುವಷ್ಟರಲ್ಲಿ ನಾಲ್ಕನೆಯ ಬೆಡ್‌ಶೀಟು ಬಂತು. ಆಕಾಶ ಪೂರ್ತಿ ಕಾಣುವ ನಗರ ಬೇಕೆಂದರೆ ನಗರ ಸ್ವಲ್ಪ ಗಿಡ್ಡವಾಗಿರಬೇಕು ಎಂಬ ಜ್ಞಾನೋದಯವಾದದ್ದು ಆಗ.

ಬರಿಗೈಯಲ್ಲಿ ಹೋದೆ ಎಂದುಕೊಳ್ಳಬೇಡಿ, ಗುರುಗಳಿದ್ದರು. ಒಬ್ಬ ಫ್ರಾನ್ಸಿನ ಗುಸ್ತಾವ್ ಲ ಗ್ರೇ. 1850ರ ದಶಕದ ಗಾಜಿನ ಫಲಕಗಳಿಗೆ ನೀಲಿ ಬೆಳಕೆಂದರೆ ವಿಪರೀತ ಮೋಹ. ನೆಲ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಸುಣ್ಣದ ಗೋಡೆಯಾಗಿರುತ್ತಿತ್ತು. ಲ ಗ್ರೇ ಮಹಾಶಯ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚು ಹಾಕಿದ. ಜನ ಬೆರಗಾದರು. ಇವತ್ತು ಕಂಪ್ಯೂಟರಿನಲ್ಲಿ ಗುಂಡಿ ಒತ್ತಿ ಮದುವೆ ಮಂಟಪದ ಮೇಲೆ ಸ್ವಿಟ್ಜರ್ಲೆಂಡಿನ ಆಕಾಶ ಅಂಟಿಸುವವರೆಲ್ಲ ಅವನ ಮರಿಮಕ್ಕಳು. ಇನ್ನೊಬ್ಬ ಅಮೆರಿಕದ ಆನ್ಸೆಲ್ ಆಡಮ್ಸ್. ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ಕಂಡು ಕಾರು ನಿಲ್ಲಿಸಿ ಹಾರಿ ಇಳಿದ. ಬೆಳಕು ಅಳೆಯುವ ಮೀಟರೇ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬ ಅಂಕಿ ತಲೆಯಲ್ಲಿತ್ತು, ಅದರಿಂದಲೇ ಲೆಕ್ಕ ಹಾಕಿ ಒಂದೇ ಒಂದು ಚಿತ್ರ ತೆಗೆದ. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಬೆಳಕು ಆರಿತ್ತು. ಅಷ್ಟು ಬುದ್ಧಿವಂತನಿಗೆ ಆಮೇಲೆ ಅದು ಯಾವ ದಿನ ಎಂಬುದೇ ನೆನಪಿರಲಿಲ್ಲ. ಚಂದ್ರ ಎಲ್ಲಿದ್ದಾನೆ, ಬೆಟ್ಟ ಎಲ್ಲಿದೆ ಎಂದು ಖಗೋಳದವರು ಚಿತ್ರವನ್ನೇ ಅಳೆದು, 1941ರ ನವೆಂಬರ್ 1ರ ಸಂಜೆ ಎಂದು 1991ರಲ್ಲಿ ತೀರ್ಮಾನ ಕೊಟ್ಟರು. ಈ ಕತೆ ಓದಿ ಪುಳಕಗೊಂಡಿದ್ದೆ. ನನ್ನ ಚಿತ್ರವನ್ನೂ ಹೀಗೆ ಯಾರಾದರೂ ಅಳೆಯುವ ಕಾಲ ಬರಲಿ ಎಂದು ಹಾರೈಸಿಕೊಂಡಿದ್ದೆ. ದೇವರು ಇಂಥ ಕೋರಿಕೆಗಳನ್ನು ಮಾತ್ರ ಬೇಗ ಈಡೇರಿಸುತ್ತಾನೆ.

ಆರಿಸಿಕೊಂಡದ್ದು ಭರಣಿ ಮಳೆಯ ದಿನಗಳನ್ನು, ಅಂದರೆ ಏಪ್ರಿಲ್ ಕೊನೆ, ಮೇ ಮೊದಲು. ಬೆಳಗ್ಗೆಯೆಲ್ಲ ನೆಲ ಹಂಚಿನಂತೆ ಕಾಯುತ್ತದೆ, ಮಧ್ಯಾಹ್ನ ಬಿಸಿಗಾಳಿ ಮೇಲೇರಿ ಹತ್ತಿಯ ಮೂಟೆಗಳಂಥ ಮೋಡ ಕಟ್ಟುತ್ತದೆ, ಸಂಜೆಗೆ ಗುಡುಗು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ ರೈತರು. ನನಗೆ ಬೆಳೆಯ ಚಿಂತೆ ಇರಲಿಲ್ಲ. ಮೋಡ ಬರಬೇಕು, ಆದರೆ ಮಳೆ ನನ್ನ ಕೆಲಸ ಮುಗಿದ ಮೇಲೆ ಬರಬೇಕು, ಅಷ್ಟೆ. ಇದನ್ನು ಬಾಮೈದನಿಗೆ ಫೋನಿನಲ್ಲಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನದು ಎರಡೆಕರೆ ಹಿಪ್ಪುನೇರಳೆ, ರೇಷ್ಮೆ ಸಾಕಣೆ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತಾನೆ. “ಸಿಡಿಲು ಬೇಕು ಅಂದ್ರೆ ಶಿಡ್ಲಘಟ್ಟಕ್ಕೇ ಹೋಗಿ ಬಾವ, ಹೆಸರಲ್ಲೇ ಐತೆ” ಅಂದ. ಆಮೇಲೆ ಅಳಿಯನ ಮರ್ಯಾದೆ ನೆನಪಾಗಿರಬೇಕು, “ಬನ್ನಿ ಬನ್ನಿ, ಟೆರೇಸ್ ಖಾಲಿ ಐತೆ” ಎಂದು ಸೇರಿಸಿದ.

ಟೆರೇಸ್ ಖಾಲಿ ಇರಲಿಲ್ಲ. ಅತ್ತೆಯವರು ಸಂಡಿಗೆ ಇಟ್ಟಿದ್ದರು.

ಸಣ್ಣಪುಟ್ಟ ಪ್ರಮಾಣವಲ್ಲ. ಮೂರು ಹಳೆಯ ಸೀರೆ ಹಾಸಿ, ಅಂಚುಗಳಿಗೆ ಇಟ್ಟಿಗೆ ಹೇರಿ, ವರ್ಷಕ್ಕಾಗುವಷ್ಟು ಅಕ್ಕಿ ಸಂಡಿಗೆ. ಕಾಲಿಡಲು ಮೆಟ್ಟಿಲ ಬಾಗಿಲಿಂದ ಗೋಡೆಯವರೆಗೆ ಒಂದಡಿ ಅಗಲದ ಓಣಿ. ಆದರೆ ನನ್ನ ಕಣ್ಣಿಗೆ ಅದು ಅಡ್ಡಿಯಾಗಿ ಕಾಣಲಿಲ್ಲ. ವೈಡ್ ಚಿತ್ರಕ್ಕೆ ಮುನ್ನೆಲೆ ಬೇಕು, ಇಲ್ಲದಿದ್ದರೆ ಚಿತ್ರದ ಅರ್ಧ ಬರೀ ಸಿಮೆಂಟು ಎಂದು ಶಾಸ್ತ್ರವೇ ಹೇಳುತ್ತದೆ. ಮುನ್ನೆಲೆಯಲ್ಲಿ ಸಂಡಿಗೆಯ ಸಾಲುಗಳು, ಸಾಲುಗಳ ಗುಂಟ ನೋಟ ಹರಿದು ಊರಿನ ಮನೆಗಳು, ಓವರ್‌ಹೆಡ್ ಟ್ಯಾಂಕು, ಮೊಬೈಲ್ ಟವರು, ಅದರಾಚೆ ಬೆಟ್ಟದ ಸಾಲು, ಮೇಲೆ ಪ್ರಳಯದ ಮೋಡ! ಒಂದೇ ತೊಂದರೆ, ಅತ್ತೆಯವರ ಸಾಲುಗಳು ಟವರಿನ ಕಡೆಗೆ ಹೋಗುತ್ತಿರಲಿಲ್ಲ, ಪಕ್ಕದ ಮನೆಯ ಬಚ್ಚಲ ಹೊಗೆಗೂಡಿನ ಕಡೆಗೆ ಹೋಗುತ್ತಿದ್ದವು. ಎಡಗಡೆಯ ಸೀರೆಯನ್ನು ಒಂದಿಷ್ಟು ತಿರುಗಿಸಿದರಾಯಿತು ಎಂದು ಬಾಮೈದನ ಹತ್ತಿರ ಮೆಲ್ಲಗೆ ಹೇಳಿದೆ. ಅವನು ಅಮ್ಮನಿಗೆ ಹೇಳಿದ.

ನಮ್ಮ ಅತ್ತೆ ನನ್ನೊಡನೆ ನೇರವಾಗಿ ಮಾತಾಡುವುದು ಹಬ್ಬಕ್ಕೆ ಒಮ್ಮೆ. ಮಿಕ್ಕಂತೆ ಮಗನ ಮೂಲಕವೇ ವ್ಯವಹಾರ. “ಅಳಿಯಂದಿರು ಹಸಿ ಸಂಡಿಗೆ ಮುಟ್ಟೋದು ಬೇಡ ಅಂತ ಹೇಳಪ್ಪ” ಎಂದು ನನಗೆ ಪೂರ್ತಿ ಕೇಳುವಂತೆ ಅಂದರು. ಮಗನ ಜೊತೆಗಿನ ಮಿಕ್ಕ ಮಾತೆಲ್ಲ ತೆಲುಗಿನಲ್ಲಿ. ಆ ಕಡೆಯ ಮನೆಗಳಲ್ಲಿ ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ, ಜಗಳ ಮಾತ್ರ ಎರಡರಲ್ಲೂ ನಡೆಯುತ್ತದೆ. ನನಗೆ ಇಪ್ಪತ್ತೆರಡು ವರ್ಷದಲ್ಲಿ ಬಂದಿರುವ ತೆಲುಗು ಊಟಕ್ಕೆ ಸಾಕು, ಗೌರವಕ್ಕೆ ಸಾಲದು.

ಇದು ರುಜುವಾದದ್ದು ಮೊದಲ ದಿನ ಸಂಜೆಯೇ. ಬೆಟ್ಟದ ಹಿಂದಿನಿಂದ ಒಂದು ಬೂದು ಮೋಡ ತಲೆ ಎತ್ತಿತು. ನಾನು ಸ್ಟ್ಯಾಂಡ್ ಬಿಚ್ಚಿ, ಓಣಿಯಲ್ಲಿ ಮೂರು ಕಾಲನ್ನೂ ತೂರಿಸಿ, ಕ್ಯಾಮೆರಾ ಏರಿಸಿ ಕಣ್ಣಿಟ್ಟೆ. ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಕಡೆ ಕೈತೋರಿಸಿ ಮಗನಿಗೆ ಹೇಳಿದರು: “ಉತ್ತ ಮಬ್ಬುರಾ, ದಾಂಟ್ಲೋ ಏಮೀ ಲೇದು.” ಬರೀ ಮಬ್ಬು, ಅದರೊಳಗೆ ಏನೂ ಇಲ್ಲ! ಬಾಮೈದ ನಕ್ಕ. ನನ್ನ ಕಿವಿ ಬಿಸಿಯಾಯಿತು. ಅತ್ತೆಯವರ ಅಭಿಪ್ರಾಯ ಅದೇ ಇರಬಹುದು, ಮಾವನವರು ಇದ್ದಾಗಲೂ ಅದೇ ಇತ್ತೇನೋ, ಆದರೂ ಮುಖದೆದುರು? ರಾತ್ರಿ ಊಟಕ್ಕೆ ಕೂತಾಗ ಮುದ್ದೆ ನುಂಗಲಾರದೆ ಬಾಮೈದನನ್ನು ಕೇಳಿಯೇಬಿಟ್ಟೆ. ಅವನಿಗೆ ನಗು ತಡೆಯಲಿಕ್ಕಾಗಲಿಲ್ಲ. “ಅಯ್ಯೋ ಬಾವ, ತೆಲುಗಲ್ಲಿ ಮಬ್ಬು ಅಂದ್ರೆ ಮೋಡ! ಇದು ಉತ್ತ ಮೋಡ, ಇದ್ರಲ್ಲಿ ಮಳೆ ಇಲ್ಲ ಅಂದ್ರು ನಮ್ಮಮ್ಮ. ನಿಮ್ಮ ಹಿಂದೆ ಇತ್ತಲ್ಲ ಮೋಡ, ಅದಕ್ಕೆ ಆ ಕಡೆ ಕೈ ತೋರ್ಸಿದ್ದು.” ಸಮಾಧಾನವಾಯಿತು. ಆದರೆ ಮೋಡ ನನ್ನ ಹಿಂದೆ ಇತ್ತು ಎಂಬ ಮಾತು ನಿದ್ದೆಗೆಡಿಸಿತು. ಹಾಗಾದರೆ ನಾನು ಮುಂದೆ ಅಷ್ಟು ಹೊತ್ತು ತೆಗೆದದ್ದೇನು?

1802ರಲ್ಲಿ ಲಂಡನ್ನಿನ ಔಷಧ ವ್ಯಾಪಾರಿ ಲ್ಯೂಕ್ ಹೋವರ್ಡ್ ಮೋಡಗಳಿಗೆ ಲ್ಯಾಟಿನ್ ಹೆಸರಿಟ್ಟ, ಇಡೀ ಲೋಕ ಇವತ್ತಿಗೂ ಅದನ್ನೇ ಹೇಳುತ್ತದೆ. ನಾನೂ ಬಾಯಿಪಾಠ ಮಾಡಿದ್ದೆ. ನಮ್ಮ ಅತ್ತೆಯ ಪದ್ಧತಿಯಲ್ಲಿ ಮೋಡ ಎರಡೇ ಬಗೆ, ಸಂಡಿಗೆ ಎತ್ತಬೇಕಾದದ್ದು ಮತ್ತು ಎತ್ತಬೇಕಿಲ್ಲದ್ದು. ನಾಲ್ಕು ದಿನದಲ್ಲಿ ಅವರು ಒಮ್ಮೆಯೂ ತಪ್ಪಲಿಲ್ಲ. ನಾನೂ ಹೋವರ್ಡನೂ ಸೇರಿ ಆರು ಸಲ ತಪ್ಪಿದೆವು.

ಎರಡನೆಯ ದಿನ ಮೋಡದ ಸುಳಿವೇ ಇಲ್ಲ. ನೀಲಿಯನ್ನಾದರೂ ಗಾಢ ಮಾಡೋಣ ಎಂದು ಪೋಲರೈಸರ್ ಫಿಲ್ಟರ್ ಹಾಕಿದೆ. ಸೂರ್ಯನಿಗೆ ತೊಂಬತ್ತು ಡಿಗ್ರಿಯ ದಿಕ್ಕಿನಲ್ಲಿ ಮಾತ್ರ ಅದರ ಆಟ ಜೋರು. ನನ್ನ ಲೆನ್ಸೋ ಅದಕ್ಕಿಂತ ಅಗಲ ನೋಡುವಂಥದು. ಹಾಗಾಗಿ ಆಕಾಶದ ನಡುವೆ ಒಂದು ಕಡುನೀಲಿ ಪಟ್ಟೆ, ಎರಡೂ ಕಡೆ ಮಾಸಲು, ನೀಲಿ ಜಾಸ್ತಿ ಬಿದ್ದ ಬಿಳಿ ಅಂಗಿಯ ಹಾಗೆ. ಅದನ್ನು ಕಳಚಿ ಜೇಬಿಗೆ ಹಾಕಿಕೊಂಡು ಊರಿನ ಕಟ್ಟಡಗಳ ಕಡೆ ತಿರುಗಿದೆ. ಅಲ್ಲಿ ಶುರುವಾಯಿತು ಎರಡನೆಯ ಪ್ರಕರಣ.

ಹಿಂದಿನ ಬೀದಿಯಲ್ಲಿ ಒಬ್ಬರು ಹೊಸದಾಗಿ ಮೂರು ಅಂತಸ್ತಿನ ಮನೆ ಕಟ್ಟಿಸಿದ್ದರು, ಗೃಹಪ್ರವೇಶದ ಮಾವಿನೆಲೆ ಇನ್ನೂ ಬಾಗಿಲಲ್ಲಿತ್ತು. ನಗರದ ಚಿತ್ರಕ್ಕೆ ಅದೇ ಗೋಪುರ. ಬೀದಿಯಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿ ತೆಗೆದೆ. ಮನೆಯ ಯಜಮಾನರು ಆಸೆಯಿಂದ ಹತ್ತಿರ ಬಂದು ಕ್ಯಾಮೆರಾದ ಹಿಂದಿನ ಪರದೆ ಇಣುಕಿದರು. ಮುಖ ಬಾಡಿಹೋಯಿತು.

“ಇದೇನ್ ಸಾಮಿ, ಮನೆ ಹಿಂದಕ್ಕೆ ಬೀಳ್ತಾ ಐತಲ್ಲ?”

“ಇಲ್ಲ ಇಲ್ಲ, ಅದು ಲೆನ್ಸಿನ—”

“ಪಿಲ್ಲರ್ ಎರಡೂ ಮೇಲ್ಗಡೆ ಹತ್ತತ್ರ ಬಂದವೆ. ನಾನು ಆವತ್ತೇ ಅಂದೆ, ಮೇಸ್ತ್ರಿ ತೂಕದ ಗುಂಡು ಸರ್ಯಾಗ್ ಬಿಟ್ಟಿಲ್ಲ ಅಂತ.”

ವೈಡ್ ಲೆನ್ಸನ್ನು ಮೇಲಕ್ಕೆ ವಾರೆ ಮಾಡಿದರೆ ಲಂಬ ಗೆರೆಗಳು ಒಂದಕ್ಕೊಂದು ವಾಲುತ್ತವೆ. ಕ್ಯಾಮೆರಾದ ಬೆನ್ನು ಗೋಡೆಗೆ ಸಮನಾಗಿ ನೆಟ್ಟಗಿದ್ದರೆ ಮಾತ್ರ ಕಟ್ಟಡ ನೆಟ್ಟಗೆ. ಇದನ್ನು ವಿವರಿಸಿದೆ. ನೆಟ್ಟಗೆ ಹಿಡಿದು ಇನ್ನೊಂದು ತೆಗೆದೂ ತೋರಿಸಿದೆ. ಅದರಲ್ಲಿ ಮನೆ ನೆಟ್ಟಗಿತ್ತು, ಆದರೆ ಮೂರನೆಯ ಅಂತಸ್ತೇ ಬಂದಿರಲಿಲ್ಲ, ಬದಲಿಗೆ ಚಿತ್ರದ ಅರ್ಧದಷ್ಟು ಚರಂಡಿ ಬಂದಿತ್ತು, ಅಂಚಿನಲ್ಲಿ ನಿಂತಿದ್ದ ಯಜಮಾನರ ಹೊಟ್ಟೆ ಒಂದೂವರೆ ಪಟ್ಟಾಗಿ ಹಿಗ್ಗಿತ್ತು. ಅವರು ಯಾವ ಚಿತ್ರವನ್ನು ನಂಬಬೇಕೆಂದು ತಿಳಿಯದೆ ಮೇಸ್ತ್ರಿಗೆ ಫೋನ್ ಮಾಡಿದರು. ಮೇಸ್ತ್ರಿ ತೂಕದ ಗುಂಡು ಹಿಡಿದೇ ಬಂದ. ನಾಲ್ಕೂ ಮೂಲೆಯಲ್ಲಿ ದಾರ ಇಳಿಬಿಟ್ಟು, ಕೂದಲೆಳೆಯಷ್ಟೂ ವಾಲಿಲ್ಲ ಎಂದು ಹತ್ತು ಜನರ ಮುಂದೆ ಸಾಬೀತು ಮಾಡಿ, ನನ್ನ ಲೆನ್ಸಿನ ಕಡೆ ನೋಡಿ, “ಸಾರ್, ನಿಮ್ದಕ್ಕೂ ಒಂದ್ಸಲ ಗುಂಡು ಬಿಡ್ಲಾ?” ಅಂದ.

ಆ ರಾತ್ರಿ ಬಾಮೈದ ಸಮಾಧಾನಕ್ಕೆಂದು ಗೌರಿಬಿದನೂರಿನ ರೇಡಿಯೋ ದೂರದರ್ಶಕದ ಸುದ್ದಿ ತೆಗೆದ. 1970ರ ದಶಕದಲ್ಲಿ ಅಲ್ಲಿನ ಬಯಲಿನಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಟ್ಟರು. ಅಡ್ಡಗೆರೆಯ ಉದ್ದವೇ 1.4 ಕಿಲೋಮೀಟರು. ಅವಕ್ಕೆ ಮೋಡ ಅಡ್ಡಿಯಲ್ಲ, ಮೋಡದಾಚೆಯ ಆಕಾಶವನ್ನೇ ಕೇಳಿಸಿಕೊಳ್ಳುತ್ತವೆ. ಮಿಂಚು ಮಾತ್ರ ಅವಕ್ಕೆ ಗದ್ದಲ. “ಅವರಿಗೆ ಬೇಡದ್ದೇ ನಿಮಗೆ ಬೇಕು ನೋಡಿ ಬಾವ. ಒಂದ್ ಮಾತು ಮೊದ್ಲೇ ಹೇಳಿದ್ರೆ ಅವರ ಮಿಂಚೆಲ್ಲ ಈ ಕಡೆ ಕಳಿಸೋರು” ಅಂದ. ಬಾಮೈದರ ಸಮಾಧಾನ ಯಾವಾಗಲೂ ಹೀಗೇ.

ಮೂರನೆಯ ದಿನ ಬಂತು.

ಹನ್ನೆರಡಕ್ಕೆ ಬೆಟ್ಟದ ಮೇಲೆ ಹೂಕೋಸಿನಂಥ ಬಿಳಿ ಗುಡ್ಡೆ. ಎರಡಕ್ಕೆ ಗುಡ್ಡೆಯ ಮೇಲೆ ಗೋಪುರ. ಮೂರೂವರೆಗೆ ಗೋಪುರದ ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನ ಹಾಗೆ ಎರಡೂ ಕಡೆ ಚಾಚಿಕೊಂಡಿತು. ಮೇಲಕ್ಕೆ ಏರಲು ಇನ್ನು ಜಾಗವಿಲ್ಲ, ಅಗಲವಾಗುವುದೊಂದೇ ದಾರಿ ಎಂಬ ಸ್ಥಿತಿ, ನನ್ನ ವಯಸ್ಸಿನವರಿಗೆ ಪರಿಚಿತವಾದದ್ದು. ನಾಲ್ಕೂಕಾಲಕ್ಕೆ ತಳ ಕಪ್ಪಾಯಿತು, ಪಡುವಣದ ಸಂದಿಯಿಂದ ಮಾತ್ರ ಹಳದಿ ಬಿಸಿಲು ಹಾಯ್ದು ಊರಿನ ಗೋಡೆಗಳೆಲ್ಲ ಅರಿಶಿನ ಸವರಿಕೊಂಡು ನಿಂತವು. ಇಂಥ ಬೆಳಕು ಹತ್ತು ನಿಮಿಷ ಇದ್ದರೆ ಪುಣ್ಯ. ನನ್ನ ಎದೆ ಬಡಿದುಕೊಳ್ಳತೊಡಗಿತು.

ಅತ್ತೆಯವರು ಬಾಗಿಲಲ್ಲಿ ಕಾಣಿಸಿಕೊಂಡರು. ಆಕಾಶ ನೋಡಿದರು. ಮಗನಿಲ್ಲ, ತೋಟಕ್ಕೆ ಹೋಗಿದ್ದ. ಹಬ್ಬವಲ್ಲದ ದಿನ ಮೊದಲ ಬಾರಿಗೆ ನನ್ನೊಡನೆ ನೇರವಾಗಿ ಮಾತಾಡಿದರು: “ಸಂಡಿಗೆ ಎತ್ತಬೇಕು.”

“ಐದೇ ನಿಮಿಷ ಅತ್ತೆ” ಅಂದೆ.

ಆಕಾಶಕ್ಕೂ ನೆಲಕ್ಕೂ ಬೆಳಕಿನ ಅಂತರ ನಾಲ್ಕು ಸ್ಟಾಪು. ಒಂದೊಂದು ಸ್ಟಾಪಿಗೂ ಬೆಳಕು ದುಪ್ಪಟ್ಟು, ನಾಲ್ಕೆಂದರೆ ಹದಿನಾರು ಪಟ್ಟು. ಮೋಡಕ್ಕೆ ಸರಿಮಾಡಿದರೆ ಊರು ಇದ್ದಲು, ಊರಿಗೆ ಸರಿಮಾಡಿದರೆ ಮೋಡ ಮಜ್ಜಿಗೆ. ಮೇಲರ್ಧ ಮಾತ್ರ ಕಪ್ಪಿರುವ ಫಿಲ್ಟರ್ ಒಂದಿದೆ, ಅದನ್ನು ಹಾಕೋಣ ಎಂದರೆ ಲೆನ್ಸಿನ ಮುಂದೆ ಕೈಯಲ್ಲೇ ಹಿಡಿದುಕೊಳ್ಳಬೇಕು. ಹಿಡಿದೆ. ಫಿಲ್ಟರಿನ ಜೊತೆಗೆ ನನ್ನ ನಾಲ್ಕು ಬೆರಳೂ ಬಂದವು, 107 ಡಿಗ್ರಿಯಲ್ಲಿ ಬೆರಳಿಗೆ ಎಲ್ಲಿ ಅಡಗುವುದು? ಬೇಡವೆಂದು, ಒಂದು ಕತ್ತಲಿಗೆ, ಒಂದು ಬೆಳಕಿಗೆ, ಒಂದು ನಡುವಿಗೆ ಎಂದು ಮೂರು ಮೂರು ಚಿತ್ರ ತೆಗೆದು ಆಮೇಲೆ ಬೆಸೆಯುವ ಉಪಾಯ ಹಿಡಿದೆ. ಲ ಗ್ರೇ ಮಾಡಿದ್ದೂ ಅದನ್ನೇ ತಾನೇ? ಆದರೆ ಮೂರನೆಯದು ತೆಗೆಯುವಷ್ಟರಲ್ಲಿ ಮೊದಲನೆಯದರಲ್ಲಿದ್ದ ಮೋಡ ಊರು ಬಿಟ್ಟಿರುತ್ತಿತ್ತು.

ಮಿಂಚಿತು. ಎಣಿಸಿದೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರು, ಮೂವತ್ತರೊಳಗೆ ಗುಡುಗು ಕೇಳಿದರೆ ಒಳಗೆ ಹೋಗಬೇಕು ಎಂಬುದು ನಿಯಮ. ಸಿಡಿಲಿನ ಮುನ್ಸೂಚನೆಗೆಂದೇ ಇರುವ ‘ದಾಮಿನಿ’ ಆ್ಯಪನ್ನೂ ಫೋನಿಗೆ ಹಾಕಿಕೊಂಡಿದ್ದೆ. ಫೋನು ಕೆಳಗೆ ಚಾರ್ಜಿಗೆ ಹಾಕಿತ್ತು. ಹದಿನೆಂಟರವರೆಗೆ ಎಣಿಸಿದ್ದೆ. “ಇನ್ನೂ ಆಗ್ಲಿಲ್ವಾ?” ಎಂದು ಅತ್ತೆ ಕೇಳಿದರು, ಲೆಕ್ಕ ತಪ್ಪಿತು. ತಪ್ಪದಿದ್ದರೂ ಹದಿನೆಂಟು ಮೂವತ್ತಕ್ಕಿಂತ ಕಡಿಮೆ ಎಂಬುದು ಯಾಕೋ ಆಗ ಹೊಳೆಯಲಿಲ್ಲ. ಊರಿನ ಎತ್ತರದ ಟೆರೇಸಿನ ಮೇಲೆ, ಆರಡಿಯ ಲೋಹದ ಸ್ಟ್ಯಾಂಡ್ ತಬ್ಬಿಕೊಂಡು ಒಬ್ಬ ಸಂಸಾರಸ್ಥ ನಿಂತಿದ್ದ. ಮೂಢ ಎಂಬ ಪದಕ್ಕೆ ನಿಘಂಟಿನಲ್ಲಿ ಚಿತ್ರ ಹಾಕುವುದಾದರೆ ಅದನ್ನು ನಾನೇ ತೆಗೆದುಕೊಡಬಹುದಿತ್ತು.

ಗಾಳಿ ಎದ್ದಿತು. ಎದ್ದಿತು ಅನ್ನುವುದು ಸೌಜನ್ಯದ ಮಾತು, ಬಂದು ಹೊಡೆಯಿತು. ಬಸ್ ನಿಲ್ದಾಣದ ಕಡೆಯ ದೂಳೆಲ್ಲ ಒಂದೇ ಗೋಡೆಯಾಗಿ ಬಂತು. ಮೊದಲ ಸೀರೆಯ ಮೂಲೆಯ ಇಟ್ಟಿಗೆ ಉರುಳಿತು, ಸೀರೆ ಹಾವಿನಂತೆ ಹೆಡೆ ಎತ್ತಿತು. “ಹಿಡ್ಕೊಳ್ರೀ!” ಎಂದು ಅತ್ತೆ ಕೂಗಿದರು. ನಾನು ಮಾಡಿದ ಒಂದೇ ಬುದ್ಧಿವಂತಿಕೆ ಎಂದರೆ ಕ್ಯಾಮೆರಾವನ್ನು ಎರಡೆರಡು ಸೆಕೆಂಡಿಗೆ ತಾನೇ ಕ್ಲಿಕ್ಕಿಸುವಂತೆ ಮಾಡಿ ಸ್ಟ್ಯಾಂಡಿನ ಕಾಲಿಗೆ ಆ ಇಟ್ಟಿಗೆ ಒತ್ತಿ ಓಡಿದ್ದು. ಆಮೇಲೆ ನಡೆದದ್ದಕ್ಕೆ 86 ಚಿತ್ರಗಳ ದಾಖಲೆ ಇದೆ. ಅಳಿಯ ಸೀರೆಯ ಒಂದು ತುದಿ ಹಿಡಿದಿದ್ದಾನೆ. ಅಳಿಯ ಸಂಡಿಗೆಯ ಮೇಲೆ ಮಂಡಿಯೂರಿದ್ದಾನೆ. ಅಳಿಯನ ಪಂಚೆ ಗಾಳಿಗೆ ಅಳಿಯನ ತಲೆಯ ಮೇಲಿದೆ. ಕ್ಯಾಮೆರಾಗೆ ಎರಡಡಿ ದೂರದಲ್ಲಿ ಇದೆಲ್ಲ ನಡೆದದ್ದರಿಂದ ಈ ಭಾಗ ಬೆಟ್ಟದಷ್ಟು ದೊಡ್ಡದಾಗಿಯೂ ಬಹಳ ನಿಚ್ಚಳವಾಗಿಯೂ ಮೂಡಿದೆ. ಹಿಂದೆ, ತುಂಬಾ ಹಿಂದೆ, ಕಡಲೆಬೀಜದ ಗಾತ್ರದಲ್ಲಿ ಮಂಚೇನಹಳ್ಳಿ ಮಹಾನಗರ.

ಹನಿ ಬಿತ್ತು. ಹನಿಯ ಜೊತೆ ಒಂದೆರಡು ಆಲಿಕಲ್ಲೂ. ಎಲ್ಲವನ್ನೂ ಬಾಚಿಕೊಂಡು ಮೆಟ್ಟಿಲಿಳಿದೆವು. ಅರ್ಧ ಸಂಡಿಗೆ ಉಳಿಯಿತು. ಆ ವರ್ಷ ನಮ್ಮ ಮನೆಗೆ ಬಂದ ಡಬ್ಬಿಯಲ್ಲಿ ಕೆಲವು ಸಂಡಿಗೆಗಳ ಮೇಲೆ ಮಂಡಿಯ ಗುರುತಿತ್ತು.

ಕರೆಂಟು ಹೋಗಿತ್ತು. ಮೇಣದ ಬತ್ತಿಯ ಬೆಳಕಲ್ಲಿ ಕಾಫಿ ಕುಡಿಯುತ್ತಾ ಒಂದೊಂದೇ ಚಿತ್ರ ಸರಿಸಿದೆ. ಅಳಿಯ, ಅಳಿಯ, ಅಳಿಯನ ಪಂಚೆ, ದೂಳು. ಅಷ್ಟರಲ್ಲಿ ಒಂದು! ಅದರಲ್ಲಿ ನಾನಿರಲಿಲ್ಲ, ಬಹುಶಃ ಬಿದ್ದಿದ್ದೆ. ಅರಿಶಿನದ ಊರು, ಅದರ ಮೇಲೆ ಮಡಿಕೆ ಮಡಿಕೆಯಾಗಿ ಬಾಗಿದ ಕಪ್ಪು ಮೋಡ, ಟವರಿನ ಬಲಕ್ಕೆ ಒಂದು ಮಿಂಚಿನ ಎಳೆ. ಎಲ್ಲಕ್ಕಿಂತ ಮಿಗಿಲಾಗಿ, ಎಡಗಡೆ ಮೇಲೆ, ಚೌಕಟ್ಟನ್ನು ಮೂರು ಪಾಲು ಮಾಡಿದರೆ ಗೆರೆ ಗೆರೆ ಕೂಡುವ ಜಾಗದಲ್ಲೇ, ಬಿರುಗಾಳಿಗೆ ಎದೆಯೊಡ್ಡಿ ಹಾರುತ್ತಿರುವ ಒಂದು ಹದ್ದು.

ಆ ಹದ್ದಿನ ಬಗ್ಗೆ ನಾನು ಆ ರಾತ್ರಿ ಆಡಿದ ಮಾತುಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ತಳಮಳ. ಇಡೀ ಪ್ರಳಯಕ್ಕೆ ಅದೊಂದೇ ಜೀವ ಎಂದೆ. ಅದು ಒಂದಂಗುಲ ಆಚೀಚೆ ಇದ್ದರೂ ಚಿತ್ರ ಸತ್ತುಹೋಗುತ್ತಿತ್ತು ಎಂದೆ. ಲ ಗ್ರೇ ಮೋಡ ಅಂಟಿಸಿದ, ನಾನು ಏನನ್ನೂ ಅಂಟಿಸಲಿಲ್ಲ, ಪ್ರಕೃತಿಯೇ ತಂದಿಟ್ಟಿತು ಎಂದೆ. ‘ಬಿರುಗಾಳಿಯಲ್ಲಿ ಒಂಟಿ ಹದ್ದು’ ಎಂದು ಹೆಸರಿಟ್ಟು, ಕರೆಂಟು ಬಂದ ಕೂಡಲೇ ಕುಟುಂಬದ ವಾಟ್ಸಾಪ್ ಗುಂಪಿಗೂ ಊರಿನ ಗುಂಪಿಗೂ ಕಳಿಸಿದೆ. ಕೈಮುಗಿದ ಚಿತ್ರಗಳು, ಹೂಗುಚ್ಛಗಳು ಬಂದವು. ನಮ್ಮಾಕೆ ಬೆಂಗಳೂರಿನಿಂದ ‘ಅಮ್ಮನ ಸಂಡಿಗೆ ಏನಾಯ್ತು’ ಎಂದಷ್ಟೇ ಕೇಳಿದಳು. ಮೇಲಧಿಕಾರಿಗಳೂ ‘ಗುಡ್’ ಎಂದರು. ಆ ಒಂದು ಪದಕ್ಕೆ ನಾಲ್ಕು ದಿನದ ರಜೆ ಸಾರ್ಥಕ ಎನಿಸಿತು.

ಬೆಳಗ್ಗೆ ಆರೂವರೆಗೆ ಹಿಂದಿನ ಬೀದಿಯ ಮೂರಂತಸ್ತಿನ ಯಜಮಾನರು ಬಾಗಿಲಲ್ಲಿದ್ದರು. ಮತ್ತೆ ಮನೆ ವಾಲಿತೇ ಎಂದು ಗಾಬರಿಯಾದೆ. ಅವರು ಫೋನು ಮುಂದೆ ಹಿಡಿದರು. ಅದರಲ್ಲಿ ನನ್ನ ಚಿತ್ರ, ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ಹದ್ದೊಂದೇ ತುಂಬಿಕೊಂಡಿತ್ತು. ಆರು ಸಾವಿರ ಚುಕ್ಕೆ ಅಗಲದ ಚಿತ್ರದಲ್ಲಿ ಮೂವತ್ತು ಚುಕ್ಕೆಗೂ ಕಡಿಮೆಯ ಹದ್ದು. ಹಿಗ್ಗಿಸಿದಾಗ ರೆಕ್ಕೆ ಇರಲಿಲ್ಲ. ದುಂಡಗಿತ್ತು.

“ಇದು ನಮ್ಮ ಟ್ಯಾಂಕಿನ ಮುಚ್ಚಳ ಸಾಮಿ.”

ನಾನು ವಾದಿಸಿದೆ. ಹದ್ದು ತಿರುಗುವಾಗ ಹಾಗೆ ಕಾಣುತ್ತದೆ ಎಂದೆ. ಬಾಮೈದ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದ. ನಡುವೆ ಹಿಡಿ ಕೂಡ ಇತ್ತು. ಮೇಲಿನ ಟೆರೇಸಿನಲ್ಲಿ ಬಾಯಿ ತೆರೆದು ನಿಂತ ಕಪ್ಪು ಟ್ಯಾಂಕೂ ಚಿತ್ರದ ಮೂಲೆಯಲ್ಲಿ ಸ್ಪಷ್ಟವಾಗಿತ್ತು. ಆ ಮೂಲೆಯನ್ನು ನಾನು ನೋಡಿಯೇ ಇರಲಿಲ್ಲ. ಪ್ರಪಂಚಾನೇ ಬರುತ್ತೆ ಅಂದಿದ್ದನಲ್ಲ ಆ ಹುಡುಗ!

ಅಲ್ಲಿಂದ ಮುಂದೆ ಚಿತ್ರ ನನ್ನ ಕೈಯಲ್ಲಿರಲಿಲ್ಲ. ಯಜಮಾನರು, ಬಾಮೈದ, ತೂಕದ ಗುಂಡಿನ ಮೇಸ್ತ್ರಿ, ಕಾಲೇಜು ಹುಡುಗರು ಇಬ್ಬರು, ಎಲ್ಲ ಸುತ್ತ ಕೂತರು. ಇದರ ಹಿಂದಿನ ಚಿತ್ರ ಇದೆಯಾ, ಮುಂದಿನದು ಇದೆಯಾ? ಇತ್ತು, ಎರಡೆರಡು ಸೆಕೆಂಡಿಗೊಂದು. ಹಿಂದಿನದರಲ್ಲಿ ಮುಚ್ಚಳ ಟ್ಯಾಂಕಿನ ಅಂಚಿನಲ್ಲಿ ಎದ್ದು ನಿಂತಿದೆ. ಮುಂದಿನದರಲ್ಲಿ ನನ್ನ ಪಂಚೆಯ ಎಡಗಡೆಯ ಸಂದಿಯಿಂದ, ಹುಣಸೆಮರದ ಮೇಲೆ ಕಾಣುತ್ತದೆ. ಅದರ ಮುಂದಿನದರಲ್ಲಿ ಬರೀ ಪಂಚೆ. ಎರಡು ಬಿಂದು ಸಿಕ್ಕ ಮೇಲೆ ಗೆರೆ ಎಳೆಯಲು ಎಷ್ಟು ಹೊತ್ತು? ಮೇಸ್ತ್ರಿ ಗೋಡೆಯ ಮೇಲೆ ಇದ್ದಲಿನಲ್ಲಿ ಟವರು, ಹುಣಸೆಮರ, ಟ್ಯಾಂಕು ಬರೆದು ದಾರ ಹಿಡಿದ. ಅಲ್ಲಿ ಚಂದ್ರ, ಇಲ್ಲಿ ಮುಚ್ಚಳ. ಆಡಮ್ಸನ ಚಿತ್ರಕ್ಕೆ ತೀರ್ಮಾನ ಸಿಗಲು ಐವತ್ತು ವರ್ಷ ಬೇಕಾಗಿತ್ತು, ನನ್ನದಕ್ಕೆ ಉಪ್ಪಿಟ್ಟು ಆರುವಷ್ಟರಲ್ಲಿ ಸಿಕ್ಕಿತು: ಆಗ್ನೇಯಕ್ಕೆ, ಹಿಪ್ಪುನೇರಳೆ ತೋಟದ ಕಡೆಗೆ.

ನಾಲ್ಕನೆಯ ದಿನ ಬೆಂಗಳೂರಿನ ಬಸ್ಸು ಹತ್ತಿದೆ. ಕಣಿವೆ ದಾಟುವಾಗ ಕಿಟಕಿಯಾಚೆ ಅದ್ಭುತ ಮೋಡ. ಕ್ಯಾಮೆರಾ ಚೀಲದಲ್ಲೇ ಇತ್ತು, ಚೀಲದ ಮೇಲೆ ಅತ್ತೆಯವರು ಕೊಟ್ಟ ಸಂಡಿಗೆ ಡಬ್ಬಿ, ಡಬ್ಬಿಯ ಮೇಲೆ ನನ್ನ ಕೈ. ಚಿಕ್ಕಬಳ್ಳಾಪುರ ಬಂತು. ಫೋನ್ ಬಡಿದುಕೊಂಡಿತು. ಬಾಮೈದ.

“ಬಾವ, ನಿಮ್ಮ ಹದ್ದು ಸಿಕ್ತು. ನಮ್ಮ ತೋಟದಲ್ಲೇ ಕೂತಿತ್ತು. ಒಂದ್ ಕಡೆ ಸೀಳಿದೆ ಅಷ್ಟೆ, ಬಿಸಿ ಮಾಡಿ ಅಂಟಿಸ್ತಾರಂತೆ. ಅವರು ಆ ಫೋಟೋ ಪ್ರಿಂಟ್ ಹಾಕ್ಸಿ ಹಾಲಲ್ಲಿ ಇಡ್ತಾರಂತೆ, ದೊಡ್ಡದು ಕಳ್ಸಿ ಅಂದ್ರು.”

ಕಣ್ಣು ತುಂಬಿ ಬಂತು. ಎಷ್ಟು ದೊಡ್ಡದು, ಯಾವ ಅಳತೆ ಎಂದು ಕೇಳಿದೆ.

“ಮನೆ ಇರೋ ಮೂಲೆ ಮಾತ್ರ ಸಾಕಂತೆ ಬಾವ. ನೆಟ್ಟಗೆ ಬಂದಿರೋದು ಅದೊಂದ್ರಲ್ಲೇ ಅಂತೆ. ಮೇಲ್ಗಡೆ ಮಬ್ಬೆಲ್ಲ ತೆಗೆದುಬಿಡಿ ಅಂದ್ರು.”